ಹಳೇ ಪಿಕಪ್ಪು ಎತ್ತರಿಸುವ ಮುಂಚೆ ಟೇಪು ಹಿಡಿದು ಅಳೆಯಿರಿ

ಮಲೆನಾಡಿನ ಒಳರಸ್ತೆಗೆ ಹಳೇ ಪಿಕಪ್ಪು ತಂದ ಹುಡುಗರಿಗೆಲ್ಲ ಮೊದಲು ಹುಟ್ಟುವ ಆಸೆ ಅಂದ್ರೆ ಗಾಡಿಯನ್ನು ಮೇಲೆತ್ತಿಸೋದು. ಮಳೆಗಾಲದಲ್ಲಿ ತೋಟದ ಮನೆವರೆಗೆ ಗಾಡಿ ಹತ್ತುವುದಿಲ್ಲ, ಹೊಟ್ಟೆ ನೆಲಕ್ಕೆ ತಾಗ್ತದೆ, ಆದ್ದರಿಂದ ಎತ್ತರ ಮಾಡಿಸಬೇಕು ಅನ್ನುವುದು ಅವರ ಲೆಕ್ಕ. ಕೇಳೋಕೆ ಸರಿಯಾಗೇ ಇದೆ. ಆದರೆ ಗಾಡಿಗೆ ಎತ್ತರ ಅನ್ನೋದು ಒಂದಲ್ಲ, ಮೂರಿದೆ. ಯಾವ ಎತ್ತರ ಸಾಲದೆ ಗಾಡಿ ನಿಂತಿತು ಅಂತ ನೋಡದೆ ದುಡ್ಡು ಸುರಿದರೆ, ಗಾಡಿ ಎತ್ತರವಾದ ಮೇಲೂ ಅದೇ ಜಾಗದಲ್ಲಿ ಹೋಗಿ ಕೂರ್ತದೆ.

ನಾನು ಕಡೂರು ಕಡೆಯ ಬಯಲುಸೀಮೆಯವ. ಮಳೆ ನಂಬಿ ರಾಗಿ, ಈರುಳ್ಳಿ ಬೆಳೆಯೋನು. ಬೇಸಿಗೆಯಲ್ಲಿ ನಮ್ಮ ಕಡೆಯ ಕುರಿಗೊಬ್ಬರವನ್ನು ಪಿಕಪ್ಪಿಗೆ ತುಂಬಿ, ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು, ಜಯಪುರದ ಮೇಲೆ ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಗೆ ಒಯ್ಯುವುದು ಬಹಳ ವರ್ಷದ ರೂಢಿ. ಅಲ್ಲಿ ತಂಗಿಯನ್ನು ಕೊಟ್ಟಿದೆ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆಯ ಐದಾರು ಪಟ್ಟು ಅಲ್ಲಿ ನಾಲ್ಕು ತಿಂಗಳಲ್ಲೇ ಸುರೀತದೆ. ನಮ್ಮಲ್ಲಿ ಗಾಡಿ ಸಾಯೋದು ಧೂಳಿನಿಂದ, ಅವರಲ್ಲಿ ಕೆಸರಿನಿಂದ. ಎರಡೂ ಕಡೆ ಓಡಿಸಿದ್ದರಿಂದ ಗಾಡಿಯ ಅಡಿಭಾಗ ಹೇಗಿರ್ತದೆ ಅಂತ ಸ್ವಲ್ಪ ಗೊತ್ತು.

ತಂಗಿಯ ಮಗ ಡಿಗ್ರಿ ಓದುವ ಹುಡುಗ. ಶೃಂಗೇರಿ, ಕೊಪ್ಪ ಕಡೆ ಅಡಿಕೆಗೆ ಹಳದಿ ಎಲೆ ರೋಗ ಹಿಡಿದು ದಶಕಗಳೇ ಆದವು. ಅದರ ಮೇಲೆ ಈಚೆಗೆ ಎಲೆಚುಕ್ಕಿ. ಅವರ ತೋಟದಲ್ಲೂ ಮರ ಇವೆ, ಫಸಲಿಲ್ಲ. ಹಾಗಾಗಿ ಹತ್ತು ವರ್ಷ ದಾಟಿದ ಒಂದು ಪಿಕಪ್ಪು ತಗೊಂಡರು. ಸುತ್ತಮುತ್ತಲ ಮನೆಗಳ ಗೊಬ್ಬರ, ಬಾಳೆಗೊನೆ, ಅಡಿಕೆ ಚೀಲ ಬಾಡಿಗೆಗೆ ಹೊಡೆದರೆ ಕಾಲೇಜಿನ ಖರ್ಚೂ ಮನೆಯ ಖರ್ಚೂ ಸ್ವಲ್ಪ ಹೊರಡ್ತದೆ ಅನ್ನುವ ಯೋಚನೆ. ಆದರೆ ಜೂನ್ ಬಂತು ಅಂದ್ರೆ ಗಾಡಿ ಟಾರು ರಸ್ತೆಯ ಪಕ್ಕದಲ್ಲೇ ನಿಲ್ಲೋದು. ಅಲ್ಲಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ಏರು. ಚೀಲವೆಲ್ಲ ತಲೆ ಮೇಲೆ, ಇಲ್ಲವೆ ಜೀಪಿನವರಿಗೆ ಮತ್ತೊಂದು ಬಾಡಿಗೆ. "ಮಾವ, ನಾಲ್ಕಿಂಚು ಎತ್ತಿಸಿದ್ರೆ ಮನೆ ಅಂಗಳಕ್ಕೇ ಬರ್ತದೆ" ಅಂತ ಹುಡುಗ ಫೋಟೋ ತೋರಿಸಿದ. ಎರಡು ಸುಗ್ಗಿ ರಾತ್ರಿ ಹೊತ್ತು ಅಡಿಕೆ ಸುಲಿದು ಅವನು ಕೂಡಿಟ್ಟದ್ದು 28,000 ರೂಪಾಯಿ. ಆ ದುಡ್ಡು ಎಲ್ಲಿ ಹಾಕಿದರೆ ಗಾಡಿ ಮೇಲೆ ಬರ್ತದೆ ಅನ್ನುವುದೇ ಪ್ರಶ್ನೆ.

ಮೂರು ಎತ್ತರ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಅಡಿಗೆ ಮಲಗಿ ನೋಡಿ. ಹಿಂದಿನ ಎರಡು ಗಾಲಿಯ ನಡುವೆ ದಪ್ಪ ಕೊಳವೆಯಂಥ ಹೌಸಿಂಗು, ಅದರ ಮಧ್ಯದಲ್ಲಿ ಕುಂಬಳಕಾಯಿ ಹಾಗೆ ಒಂದು ಗುಂಡು. ಡಿಫರೆನ್ಶಿಯಲ್ ಹಲ್ಲುಗಳು ಅದರೊಳಗೆ ಇರೋದು. ಇದರ ತಳದಿಂದ ನೆಲಕ್ಕೆ ಎಷ್ಟು ಅನ್ನೋದು ಮೊದಲನೇ ಎತ್ತರ. ಛಾಸಿ, ಸೈಲೆನ್ಸರು, ಡೀಸೆಲ್ ಟ್ಯಾಂಕು ನೆಲದಿಂದ ಎಷ್ಟು ಮೇಲಿವೆ ಅನ್ನೋದು ಎರಡನೇದು. ಛಾಸಿಯ ಮೇಲೆ ಕೂತ ಕ್ಯಾಬಿನ್ನು, ತೊಟ್ಟಿ ಎಷ್ಟು ಮೇಲಿವೆ ಅನ್ನೋದು ಮೂರನೇದು.

ಕಮಾನು ಪ್ಲೇಟು ಏರಿಸಿದರೆ ಎರಡನೇ ಮತ್ತು ಮೂರನೇ ಎತ್ತರ ಮಾತ್ರ ಏರ್ತದೆ. ಗುಂಡು ಇದ್ದಲ್ಲೇ ಇರ್ತದೆ. ಯಾಕೆಂದರೆ ಗುಂಡು ಕೂತಿರೋದು ಗಾಲಿಯ ನಡುವಿಗೆ, ಪ್ಲೇಟು ಅದಕ್ಕಿಂತ ಮೇಲೆ. ಮನೆ ಮಾಡು ಎತ್ತರಿಸಿದರೆ ಹೊಸ್ತಿಲು ಮೇಲೆ ಬರ್ತದಾ? ಹಾಗೇ ಇದು. ಕ್ಯಾಬಿನ್ನಿಗೂ ಛಾಸಿಗೂ ನಡುವೆ ನೈಲಾನ್ ಬುಶ್ಶು ಕೊಟ್ಟು ಎತ್ತಿಸುವವರೂ ಇದ್ದಾರೆ. ಅದರಿಂದ ಏರೋದು ಮೂರನೇ ಎತ್ತರ ಒಂದೇ. ನೋಡೋಕೆ ದೊಡ್ಡ ಗಾಡಿ ಆಗ್ತದೆ, ಕೆಳಗೆ ಒಂದು ನೂಲೂ ಬದಲಾಗಲ್ಲ. ಜೊತೆಗೆ ಗೇರು ರಾಡು, ಸ್ಟೇರಿಂಗ್ ಜಾಯಿಂಟು, ವೈರು, ಪೈಪು ಎಲ್ಲ ಎಳೆದು ಹಿಡಿದಂತೆ ಆಗ್ತವೆ.

ಗುಂಡನ್ನು ಎತ್ತೋದು ಟೈರು ಒಂದೇ. ಅದರದ್ದೂ ಲೆಕ್ಕ ನೋಡಿ. ಟೈರಿನ ಮೇಲೆ 215/75 ಆರ್ 15 ಅಂತ ಬರೆದಿದ್ದರೆ ಅಗಲ 215 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಒಳಗಿನ ರಿಮ್ಮು 15 ಇಂಚು. ಗೋಡೆ 161 ಮಿ.ಮೀ. ಆಯಿತು. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ 381 ಮಿ.ಮೀ. ರಿಮ್ಮು, ಒಟ್ಟು ಸುಮಾರು 703. ಅದನ್ನು ತೆಗೆದು 235/75 ಆರ್ 15 ಹಾಕಿದರೆ ಸುಮಾರು 733. ಟೈರು 30 ಮಿ.ಮೀ. ದೊಡ್ಡದಾಯಿತು. ಗುಂಡು ಏರೋದು ಅದರ ಅರ್ಧ, 15 ಮಿ.ಮೀ. ಅಂದ್ರೆ ಅರ್ಧ ಇಂಚಿನ ಮೇಲೆ ಪೂರಾ ಒಂದು ನೂಲೂ ಇಲ್ಲ. ನಾಲ್ಕು ಟೈರಿಗೆ ಮೂವತ್ತು ಸಾವಿರ ಆಸುಪಾಸು ಕೊಟ್ಟು ಅರ್ಧ ಇಂಚು! ಅಷ್ಟೇ ಅಲ್ಲ, ಸುತ್ತಳತೆ ನೂರಕ್ಕೆ ನಾಲ್ಕರಷ್ಟು ಹೆಚ್ಚಾದ್ದರಿಂದ ಏರಿನಲ್ಲಿ ಎಳೆತವೂ ಅಷ್ಟೇ ಕಡಿಮೆ ಆಗ್ತದೆ, ಮೀಟರು 60 ತೋರಿಸುವಾಗ ಗಾಡಿ 62ರ ಮೇಲೆ ಓಡ್ತಿರ್ತದೆ.

ಇಷ್ಟು ಲೆಕ್ಕ ಹಾಕಿ ಆದ ಮೇಲೆ ಹುಡುಗನನ್ನು ಕರಕೊಂಡು ಏರು ರಸ್ತೆ ನೋಡಿದೆ. ಗಾಡಿ ಕೂತ ಜಾಗಗಳಲ್ಲಿ ಎಲ್ಲೆಲ್ಲಿ ಉಜ್ಜಿದ ಗುರುತಿದೆ ಅಂತ ನೋಡಬೇಕು, ಅದೇ ಸಾಕ್ಷಿ. ನಾಲ್ಕು ಕಡೆಯಲ್ಲಿ ಮೂರು ಕಡೆ ಗುರುತು ಇದ್ದದ್ದು ಎರಡು ಗಾಲಿ ಹಾದಿಯ ನಡುವಿನ ದಿಣ್ಣೆ ಮೇಲೆ, ಗುಂಡು ಉಜ್ಜಿದ್ದು. ಒಂದು ಕಡೆ ತಿರುವಿನಲ್ಲಿ ತೊಟ್ಟಿಯ ಬಾಲ ತಾಗಿದ್ದು. ನಾಲ್ಕಿಂಚು ಕಮಾನು ಎತ್ತರಿಸಿದ್ದರೆ ಆ ಬಾಲದ್ದೊಂದು ತಪ್ಪುತ್ತಿತ್ತು, ಉಳಿದ ಮೂರು ಹಾಗೇ ಇರ್ತಿದ್ದವು.

ಕುಸಿದ ಕಮಾನು

ಹಾಗಾದ್ರೆ ಕಮಾನಿಗೆ ಕೈ ಹಾಕೋದೇ ಬೇಡವಾ ಅಂದ್ರೆ, ಬೇಕು. ಆದರೆ ಅದು ಎತ್ತರಿಸೋಕಲ್ಲ, ಕಳಕೊಂಡದ್ದನ್ನು ವಾಪಸು ತರೋಕೆ. ಹತ್ತು ವರ್ಷ ಲೋಡು ಹೊತ್ತ ಪ್ಲೇಟು ಬಾಗು ಕಳಕೊಂಡು ಹಲಗೆ ಆಗಿರ್ತದೆ. ಒಂದೆರಡು ಪ್ಲೇಟು ಒಳಗೊಳಗೇ ತುಂಡಾಗಿದ್ದರೂ ಕಟ್ಟಿನ ನಡುವೆ ಇರೋದರಿಂದ ಕಾಣಲ್ಲ.

ಅಳೆಯೋದು ಸುಲಭ. ಖಾಲಿ ಗಾಡಿ, ಸಮನೆಲ, ನಾಲ್ಕು ಟೈರಿಗೂ ಸರಿ ಗಾಳಿ. ಗಾಲಿಯ ನಡುಬಿಂದುವಿನಿಂದ ನೆಟ್ಟಗೆ ಮೇಲಕ್ಕೆ ಗಾಲಿ ಮೇಲಿನ ತಗಡಿನ ಅಂಚಿನವರೆಗೆ ಟೇಪು ಹಿಡೀರಿ. ನೆಲದಿಂದ ಅಳೆಯಬೇಡಿ, ಟೈರು ಸವೆದದ್ದೂ ಲೆಕ್ಕಕ್ಕೆ ಸೇರಿಬಿಡ್ತದೆ. ಹುಡುಗನ ಗಾಡಿಯಲ್ಲಿ ಹಿಂದೆ ಬಲಕ್ಕೆ ಹದಿನೆಂಟೂವರೆ ಇಂಚು, ಎಡಕ್ಕೆ ಹದಿನೇಳೂಕಾಲು. ಅದೇ ಮಾಡೆಲಿನ ಹೆಚ್ಚು ದುಡಿಯದ ಗಾಡಿ ಒಂದನ್ನು ಹುಡುಕಿ ಅಳೆದೆವು, ಎರಡೂ ಕಡೆ ಇಪ್ಪತ್ತು. ಅಂದ್ರೆ ಇವನ ಗಾಡಿ ಒಂದು ಕಡೆ ಒಂದೂವರೆ ಇಂಚು, ಇನ್ನೊಂದು ಕಡೆ ಎರಡೂಮುಕ್ಕಾಲು ಇಂಚು ಕುಸಿದಿತ್ತು. ಕಂಪನಿ ಕೊಟ್ಟ ಎತ್ತರವೇ ಕೈಯಲ್ಲಿಲ್ಲ, ಅದರ ಮೇಲೆ ನಾಲ್ಕಿಂಚು ಕೇಳ್ತಿದ್ದ.

ಪ್ಲೇಟಿಗೆ ಮತ್ತೆ ಬಾಗು ಕೊಡಿಸೋದು ಕಮಾನು ಕೆಲಸದ ಅಂಗಡಿಯಲ್ಲಿ. ಇಲ್ಲಿ ಒಂದು ಮಾತು ಗಮನಿಸಬೇಕು. ಪ್ಲೇಟು ಬಿಚ್ಚಿ ತಣ್ಣಗಿರುವಾಗಲೇ ಸುತ್ತಿಗೆಯಲ್ಲೋ ಪ್ರೆಸ್ಸಿನಲ್ಲೋ ಬಗ್ಗಿಸುವವರು ಒಂದು ಬಗೆ. ಕುಲುಮೆಗೆ ಹಾಕಿ ಕೆಂಪಗೆ ಕಾಯಿಸಿ ಬಗ್ಗಿಸಿ ಹಾಗೇ ಆರಲು ಬಿಡುವವರು ಇನ್ನೊಂದು ಬಗೆ. ಎರಡನೇದು ಬೇಡ. ನಮ್ಮೂರಲ್ಲಿ ಕತ್ತಿ, ಕುಡುಗೋಲು ಮಾಡಿಸೋಕೆ ಹಳೇ ಕಮಾನು ಪ್ಲೇಟೇ ತರ್ತೀವಲ್ಲ, ಆ ಕಬ್ಬಿಣದ ಗುಣ ಇರೋದು ಹದದಲ್ಲಿ. ಕಾಯಿಸಿ ಸುಮ್ಮನೆ ಆರಲು ಬಿಟ್ಟ ಕತ್ತಿ ಬಾಯಿ ಮಡಚಿಕೊಳ್ತದೆ, ನೀರು ಕುಡಿಸಿ ಹದ ಇಳಿಸದೆ ಬಿಟ್ಟದ್ದು ಚಕ್ಕೆ ಏಳ್ತದೆ. ಪ್ಲೇಟಿನದ್ದೂ ಅದೇ ಕಥೆ. ಕಾಯಿಸಿದರೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿ ಬಿಗಿ ಇಳಿಸಬೇಕು. ಆ ವ್ಯವಸ್ಥೆ ಸಣ್ಣ ಅಂಗಡಿಯಲ್ಲಿ ಇರಲ್ಲ. ಬೆಂಕಿ ತೋರಿಸಿದ ಪ್ಲೇಟು ಮೂರು ತಿಂಗಳಿಗೆ ಮತ್ತೆ ಹಲಗೆ.

ಪ್ಲೇಟಿನ ಮೇಲೆ ವೆಲ್ಡಿಂಗ್ ಅಂತೂ ಮಾಡಿಸಲೇಬಾರದು. ಹೊಲಿಗೆ ಬಿದ್ದ ಪಕ್ಕದಲ್ಲೇ ಬಿರುಕು ಬರ್ತದೆ. ತುಂಡಾದ ಪ್ಲೇಟಿಗೆ ಅದೇ ಅಗಲ, ಅದೇ ದಪ್ಪದ ಬೇರೆ ಪ್ಲೇಟು ಹಾಕಿ. ಕಟ್ಟು ಬಿಚ್ಚಿದ ಮೇಲೆ ಹಳೇ ಯು-ಬೋಲ್ಟು ಮತ್ತೆ ಹಾಕಬೇಡಿ, ಒಮ್ಮೆ ಬಿಗಿದು ದುಡಿದ ಬೋಲ್ಟು ಎಳೆದು ಉದ್ದವಾಗಿರ್ತದೆ. ಸೆಂಟರ್ ಬೋಲ್ಟು, ಕಣ್ಣಿನ ಬುಶ್ಶು ಹೊಸದು. ಲೋಡಿನಲ್ಲಿ ನೂರಿನ್ನೂರು ಕಿಲೋಮೀಟರ್ ಓಡಿಸಿ ಯು-ಬೋಲ್ಟನ್ನು ಇನ್ನೊಮ್ಮೆ ಬಿಗಿಸಿ. ಇದನ್ನು ಹತ್ತರಲ್ಲಿ ಎಂಟು ಜನ ಮಾಡಲ್ಲ.

ಮುಂದಿನ ಕಡೆ ಎಲ್ಲ ಗಾಡಿಗೂ ಒಂದೇ ತರ ಇರಲ್ಲ. ಕೆಲವಕ್ಕೆ ಕಮಾನು ಪ್ಲೇಟು, ಕೆಲವಕ್ಕೆ ಸುರುಳಿ ಸ್ಪ್ರಿಂಗು, ಕೆಲವಕ್ಕೆ ತಿರುಚುವ ಸರಳು. ಸರಳಿನ ಬೋಲ್ಟು ತಿರುಗಿಸಿ ಮುಂಭಾಗ ಏರಿಸೋದು ಸುಲಭ, ಖರ್ಚೂ ಇಲ್ಲ. ಅದಕ್ಕೇ ಹುಡುಗರು ಸ್ಪ್ಯಾನರು ಹಿಡಿದು ಹೋಗ್ತಾರೆ. ಏರಿಸಿದಷ್ಟೂ ಗಾಲಿ ಓರೆಯಾಗಿ ಟೈರು ಒಂದು ಬದಿ ತಿನ್ನೋಕೆ ಶುರು, ಬಾಲ್ ಜಾಯಿಂಟು ಬೇಗ ಹೋಗ್ತದೆ. ಅಳೆದು ಕಂಪನಿ ಎತ್ತರಕ್ಕೆ ತಂದು ನಿಲ್ಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಅಗ್ಗದ ಎತ್ತರಿಕೆಗಳು

ಹುಡುಗರು ಮಾಡಿಸುವ ಅಗ್ಗದ ಎತ್ತರಿಕೆಗಳನ್ನು ಬರೆದುಬಿಡ್ತೇನೆ, ಯಾಕೆ ಬೇಡ ಅನ್ನೋದನ್ನೂ.

ಒಂದು ಪ್ಲೇಟು ಜಾಸ್ತಿ ಹಾಕೋದು ಎಲ್ಲರಿಗೂ ಗೊತ್ತಿರೋದೇ. ಗಾಡಿ ಏರ್ತದೆ, ಆದರೆ ಕಲ್ಲಿನ ಹಾಗೆ ಬಿರುಸಾಗ್ತದೆ. ಖಾಲಿ ಗಾಡಿ ಗುಂಡಿಗೆ ಇಳಿದರೆ ಗಾಲಿ ಇಳಿಯಲ್ಲ, ಹಾರ್ತದೆ. ಹಾರಿದ ಗಾಲಿಗೆ ನೆಲದ ಹಿಡಿತ ಎಲ್ಲಿಂದ? ಕೆಸರಿಗೆ ಬೇಕಾದದ್ದು ಮೆತ್ತಗೆ ಇಳಿದು ನೆಲಕ್ಕೆ ಅಂಟಿಕೊಳ್ಳುವ ಗಾಲಿ. ಜಾಸ್ತಿ ಪ್ಲೇಟು ಹಾಕಿದ್ದೇನೆ ಅಂತ ಜಾಸ್ತಿ ಲೋಡು ಹಾಕಿದರೆ ಛಾಸಿ ಸೀಳ್ತದೆ, ಬ್ರೇಕು ಸಾಲಲ್ಲ.

ಶಾಕಲ್ ಉದ್ದ ಮಾಡೋದು ಇನ್ನೊಂದು. ಎರಡಿಂಚು ಉದ್ದ ಮಾಡಿದರೆ ಗಾಡಿ ಏರೋದು ಒಂದೇ ಇಂಚು, ಏಕೆಂದರೆ ಪ್ಲೇಟಿನ ಒಂದು ತುದಿ ಮಾತ್ರ ಏರಿರ್ತದೆ. ಹೌಸಿಂಗು ಓರೆಯಾಗ್ತದೆ. ಮುಂದಿನ ಗಾಲಿಗೆ ಮಾಡಿದರೆ ಸ್ಟೇರಿಂಗು ತಾನಾಗಿ ನೆಟ್ಟಗೆ ಬರುವ ಗುಣ ಕೆಡ್ತದೆ.

ಹೌಸಿಂಗಿಗೂ ಪ್ಲೇಟಿಗೂ ನಡುವೆ ಕಬ್ಬಿಣದ ದಿಮ್ಮಿ ಇಡೋದು ಮೂರನೇದು. ಹಿಂದಿನ ಗಾಲಿಗೆ ತಯಾರಾದ ದಿಮ್ಮಿ ಬೇರೆ, ಇವರು ಇಡೋದು ಬೇರೆ. ಗುಜರಿಯಿಂದ ತಂದ ಚೌಕ ಪೈಪು ಕತ್ತರಿಸಿ, ಒಂದರ ಮೇಲೊಂದು ಇಟ್ಟು ಬಿಗಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಲೋಡು ಎಳೆಯುವಾಗ ಹೌಸಿಂಗು ಹಿಂದಕ್ಕೆ ತಿರುಚಲು ನೋಡ್ತದೆ. ದಿಮ್ಮಿ ಎತ್ತರವಾದಷ್ಟೂ ಆ ತಿರುಚು ಜಾಸ್ತಿ. ಒಂದು ಗಾಡಿಯಲ್ಲಿ ದಿಮ್ಮಿ ಹಾರಿ, ಕ್ರಾಸು ಮುರಿದು, ಪ್ರೊಪೆಲ್ಲರ್ ಶಾಫ್ಟು ರಸ್ತೆಗೆ ಬಿದ್ದಿತ್ತು. ಇಳಿಜಾರಿನಲ್ಲಿ ಆಗಿದ್ದರೆ ಬರೆಯುವ ಮಾತೇ ಬೇರೆ ಇರ್ತಿತ್ತು. ಮುಂದಿನ ಗಾಲಿಗಂತೂ ದಿಮ್ಮಿ ಯಾವ ಕಾರಣಕ್ಕೂ ಇಡಬಾರದು.

ಹಳೇ ಜೀಪುಗಳಲ್ಲಿ ಹೌಸಿಂಗಿನ ಕೆಳಗಿರುವ ಪ್ಲೇಟನ್ನು ಮೇಲಕ್ಕೆ ಹಾಕಿ ಒಂದೇ ಏಟಿಗೆ ನಾಲ್ಕೈದು ಇಂಚು ಎತ್ತುತ್ತಾರೆ. ಪಿಕಪ್ಪುಗಳಲ್ಲಿ ಹಿಂದಿನ ಪ್ಲೇಟು ಸಾಮಾನ್ಯವಾಗಿ ಮೇಲೇ ಇರೋದರಿಂದ ಆ ಮಾತು ಬರಲ್ಲ.

ಯಾವ ದಾರಿಯಲ್ಲಿ ಎತ್ತಿದರೂ ಜೊತೆಯಲ್ಲಿ ಬರುವ ತೊಂದರೆಗಳು ಕೆಲವಿವೆ. ಬ್ರೇಕಿನ ರಬ್ಬರ್ ಪೈಪು ಗಿಡ್ಡವಾಗಿ ಗಾಲಿ ಇಳಿದಾಗ ಎಳೆದು ಹಿಡೀತದೆ. ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಹೊಡೀತದೆ. ಇನ್ನೊಂದು ಬಹಳ ಜನರಿಗೆ ಗೊತ್ತಿಲ್ಲ. ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಹೌಸಿಂಗಿನಿಂದ ಛಾಸಿಯ ಮೇಲಿನ ಒಂದು ವಾಲ್ವಿಗೆ ಸಣ್ಣ ಸರಳು ಇರ್ತದೆ. ಲೋಡು ಬಿದ್ದು ಗಾಡಿ ಕೆಳಗಿಳಿದಾಗ ಆ ಸರಳು ತಳ್ಳಿ ಹಿಂದಿನ ಬ್ರೇಕಿಗೆ ಜಾಸ್ತಿ ಎಣ್ಣೆ ಒತ್ತಡ ಬಿಡ್ತದೆ. ಖಾಲಿ ಇದ್ದಾಗ ಕಡಿಮೆ ಮಾಡ್ತದೆ. ಗಾಡಿಯನ್ನು ಎತ್ತರಿಸಿದರೆ ವಾಲ್ವು ಯಾವಾಗಲೂ ಖಾಲಿ ಗಾಡಿ ಅಂತಲೇ ತಿಳಕೊಳ್ತದೆ. ಒಂದೂವರೆ ಟನ್ನು ಗೊಬ್ಬರ ಹೇರಿ ಘಾಟಿ ಇಳಿಯುವಾಗ ಹಿಂದಿನ ಬ್ರೇಕು ಅರೆಬರೆ ಹಿಡಿದರೆ ಏನಾಗಬಹುದು ನೀವೇ ಯೋಚಿಸಿ. ಕಮಾನು ಸರಿ ಮಾಡಿಸಿದ ಮೇಲೂ ಈ ಸರಳನ್ನು ಮೆಕ್ಯಾನಿಕ್ಕಿಗೆ ತೋರಿಸಿ ಸರಿ ಇದೆಯಾ ಕೇಳಿ.

ಮಗುಚುವ ಲೆಕ್ಕವೂ ಇದೆ. ಹುಲ್ಲಿನ ಎತ್ತಿನಗಾಡಿ ಹೊಡೆದವರಿಗೆ ಹೇಳಬೇಕಾಗಿಲ್ಲ. ಗಾಡಿಯ ನಡುಗೆರೆಯಿಂದ ಗಾಲಿಗೆ 27 ಇಂಚು ಇದೆ, ಲೋಡು ಸೇರಿ ಭಾರದ ನಡುಬಿಂದು ನೆಲದಿಂದ 54 ಇಂಚು ಮೇಲಿದೆ ಅಂತ ಇಟ್ಟುಕೊಳ್ಳಿ. ಎರಡಡಿಗೆ ಒಂದಡಿ ಅಡ್ಡ ಓರೆ ಸಿಕ್ಕಿದರೆ ನಿಂತ ಗಾಡಿಯೇ ಮಗುಚುವ ಹಂತಕ್ಕೆ ಬರ್ತದೆ. ಅದಕ್ಕೆ ನಾಲ್ಕಿಂಚು ಸೇರಿಸಿದರೆ ಇನ್ನೂ ಕಡಿಮೆ ಓರೆಗೇ ಮಗುಚ್ತದೆ. ರಸ್ತೆ ಅಷ್ಟು ಓರೆ ಇರಲ್ಲ ನಿಜ. ಆದರೆ ಒಂದು ಗಾಲಿ ಕೊರಕಲಿಗೆ ಇಳಿದು, ಆ ಕಡೆಯ ಪ್ಲೇಟು ಬಾಗಿ, ಅದೇ ಹೊತ್ತಿಗೆ ತಿರುವು ಬಂದರೆ ಎಲ್ಲ ಸೇರ್ತದೆ. ಅಡ್ಡಗದ್ದೆ ಕಡೆ ರಸ್ತೆಯ ಒಂದು ಬದಿ ಧರೆ, ಇನ್ನೊಂದು ಬದಿ ತೋಟದ ಕಮರಿ.

ಕಾನೂನು ಹೇಳೋದು

ಮೋಟಾರು ವಾಹನ ಕಾಯಿದೆಯ 52ನೇ ಕಲಮು ಪ್ರಕಾರ, ಕಂಪನಿ ಮೂಲದಲ್ಲಿ ಹೇಳಿದ ವಿವರಕ್ಕೆ, ಅಂದರೆ ಆರ್.ಸಿ.ಯಲ್ಲಿ ಬರೆದದ್ದಕ್ಕೆ, ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷ ಆದ ತಿದ್ದುಪಡಿಯಲ್ಲಿ ಗಾಡಿ ಮಾಲೀಕ ಹೀಗೆ ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ ಅಂತ ಸೇರಿತು. ಬಾಡಿಗೆಗೆ ಓಡುವ ಪಿಕಪ್ಪಿಗೆ ಎಂಟು ವರ್ಷ ಆದ ಮೇಲೆ ವರ್ಷವರ್ಷವೂ ಎಫ್.ಸಿ. ಆಗಬೇಕು. ಪ್ರತಿ ವರ್ಷ ಗಾಡಿ ತಗೊಂಡು ಹೋಗಿ ಅವರೆದುರು ನಿಲ್ಲಿಸಬೇಕಲ್ಲ. ಅದಕ್ಕಿಂತ ದೊಡ್ಡದು ವಿಮೆ. ಅಪಘಾತವಾದ ದಿನ ಗಾಡಿ ಎತ್ತರಿಸಿದ್ದು ಕಂಡರೆ ವಿಮೆಯವರು ತಕರಾರು ತೆಗೆಯೋಕೆ ದಾರಿ ಸಿಕ್ಕಂತೆ. ಪಕ್ಕದ ಮನೆಯವರ ಅಡಿಕೆ ಹೇರಿಕೊಂಡು ಹೋಗುವವನಿಗೆ ಅದು ಸಣ್ಣ ಮಾತಲ್ಲ. ಕುಸಿದ ಕಮಾನನ್ನು ಮೊದಲಿನ ಎತ್ತರಕ್ಕೆ ತರೋದು ರಿಪೇರಿ, ಅದಕ್ಕೆ ಯಾರೂ ಏನೂ ಹೇಳಲ್ಲ. ಟೈರೂ ಹಾಗೇ, ಗಾಡಿಯ ಕೈಪಿಡಿಯಲ್ಲಿ ಒಪ್ಪಿರುವ ಅಳತೆಯೊಳಗೇ ಆರಿಸಿಕೊಳ್ಳಿ.

ಹಿಡಿತ

ಏರಿನಲ್ಲಿ ಗಾಡಿ ನಿಲ್ಲೋದು ಬಹಳ ಸಲ ಎತ್ತರ ಸಾಲದೆ ಅಲ್ಲ, ಹಿಡಿತ ಸಾಲದೆ. ಸಾಮಾನ್ಯ ಪಿಕಪ್ಪಿನಲ್ಲಿ ಎಳೆಯೋದು ಹಿಂದಿನ ಎರಡು ಗಾಲಿ. ಇಂಜಿನ್ನಿನ ಭಾರವೆಲ್ಲ ಮುಂದೆ. ಖಾಲಿ ಗಾಡಿ ಏರು ಹತ್ತುವಾಗ ಹಿಂದೆ ಭಾರವೇ ಇಲ್ಲ, ಗಾಲಿ ಸುಮ್ಮನೆ ಸುತ್ತಿ ಗುಂಡಿ ತೋಡ್ತದೆ. ಸುತ್ತಿದಷ್ಟೂ ಗುಂಡಿ ಆಳ, ಗುಂಡು ನೆಲಕ್ಕೆ ಹತ್ತಿರ. ನೋಡಿದವರು ಗಾಡಿ ತಗ್ಗು ಅಂತಾರೆ.

ಮಳೆಗಾಲದಲ್ಲಿ ಖಾಲಿ ಹೋಗುವಾಗ ಹಿಂದಿನ ಗಾಲಿಯ ನೇರಕ್ಕೆ ತೊಟ್ಟಿಯಲ್ಲಿ ಮೂರ್ನಾಲ್ಕು ಮರಳಿನ ಚೀಲ ಹಾಕಿ ಕಟ್ಟಿ. ಕಟ್ಟದಿದ್ದರೆ ಬ್ರೇಕು ಹಾಕಿದಾಗ ಕ್ಯಾಬಿನ್ನಿಗೆ ಬಂದು ಬಡೀತವೆ. ಹಿಂದಿನ ಎರಡು ಟೈರು ಆಳದ ಹಲ್ಲಿನದ್ದು ಹಾಕಿಸಿ, ಹಲ್ಲಿನ ನಡುವೆ ಅಗಲ ಸಂದು ಇರಬೇಕು, ಮಣ್ಣು ತಾನಾಗಿ ಉದುರುವ ಹಾಗೆ. ನಾಲ್ಕೂ ಒಟ್ಟಿಗೆ ಬದಲಾಯಿಸೋಕೆ ದುಡ್ಡಿಲ್ಲದಿದ್ದರೆ ಹಿಂದಿನದ್ದೇ ಮೊದಲು. ಆದರೆ ಮುಂದಿನವು ಸವೆದು ನುಣ್ಣಗಾಗಿದ್ದರೆ ಸ್ಟೇರಿಂಗು ಮಾತು ಕೇಳಲ್ಲ, ಆಗ ಮುಂದಕ್ಕೂ ಬೇಕೇ ಬೇಕು. ರಿಸೋಲ್ ಟೈರನ್ನು ಮುಂದಕ್ಕೆ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಮಲೆನಾಡಿನ ಜೀಪಿನವರು ಗಾಲಿಗೆ ಕಬ್ಬಿಣದ ಸರಪಳಿ ಸುತ್ತೋದು ಹಳೇ ಪದ್ಧತಿ. ಸಾವಿರಾರು ರೂಪಾಯಿಯ ಎತ್ತರಿಕೆ ಮಾಡದ ಕೆಲಸವನ್ನು ಸರಪಳಿ ಮಾಡ್ತದೆ. ಟೈರಿನ ಅಳತೆಗೆ ಸರಿಯಾಗಿ ಬಿಗಿಯಾಗಿ ಕೂರಬೇಕು, ಸಡಿಲ ಇದ್ದರೆ ಬ್ರೇಕ್ ಪೈಪಿಗೆ ಬಡೀತದೆ. ಟಾರು ರಸ್ತೆ ಸಿಕ್ಕಿದ ಕೂಡಲೇ ಬಿಚ್ಚಬೇಕು. ಇಲ್ಲದಿದ್ದರೆ ಟೈರೂ ಹೋಯ್ತು, ಪಂಚಾಯ್ತಿ ರಸ್ತೆಯೂ ಹೋಯ್ತು.

ಹಳ್ಳ ದಾಟುವವರು ಇನ್ನೊಂದು ಕೆಲಸ ಮಾಡಿಸಲೇಬೇಕು. ಹೌಸಿಂಗಿನ ಮೇಲೆ ಗಾಳಿ ಆಡುವ ಸಣ್ಣ ಮೂತಿ ಇರ್ತದೆ. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಆ ಮೂತಿಯಿಂದ ನೀರು ಎಳಕೊಳ್ತದೆ. ಆಮೇಲೆ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿ ಹಲ್ಲು, ಬೇರಿಂಗು ತಿಂದುಬಿಡ್ತದೆ. ಆ ಮೂತಿಗೆ ಎಣ್ಣೆ ತಡೆಯುವ ರಬ್ಬರ್ ಪೈಪು ಜೋಡಿಸಿ, ಗಾಲಿ ಏರಿಳಿಯೋಕೆ ಸಡಿಲ ಬಿಟ್ಟು, ತುದಿಯನ್ನು ತೊಟ್ಟಿಯ ಎತ್ತರಕ್ಕೆ ಒಯ್ದು ಕೆಳಮುಖ ಮಾಡಿ ಕಟ್ಟಿ. ನಮಗೆ ಪೈಪು, ಕ್ಲಿಪ್ಪು ಸೇರಿ 180 ರೂಪಾಯಿ ಆಯಿತು.

ಗುದ್ದಲಿಯ ಎತ್ತರಿಕೆ

ಈಗ ಮೊದಲನೇ ಎತ್ತರಕ್ಕೆ, ಗುಂಡಿಗೆ ಬರೋಣ. ಟೈರು ದೊಡ್ಡದು ಮಾಡಿ ಗುಂಡನ್ನು ಅರ್ಧ ಇಂಚು ಏರಿಸೋದರ ಬದಲು ರಸ್ತೆಯ ನಡುದಿಣ್ಣೆಯನ್ನು ಐದಿಂಚು ಇಳಿಸಬಹುದು. ಹುಡುಗ, ಅವನ ಇಬ್ಬರು ಸ್ನೇಹಿತರು, ನಾನು, ನಾಲ್ಕು ಜನ ಎರಡು ದಿನ ಪಿಕಾಸಿ ಗುದ್ದಲಿ ಹಿಡಿದೆವು. ಕೆತ್ತಿದ ಮಣ್ಣನ್ನು ಗಾಲಿ ಹಾದಿಗೆ ಹಾಗೇ ಎಳೆಯಬಾರದು, ಮೊದಲ ಮಳೆಗೆ ಕೆಸರಾಗ್ತದೆ. ಗಾಲಿ ಹಾದಿಗೆ ಮುರಕಲ್ಲಿನ ಚೂರು, ಗಟ್ಟಿ ಕಲ್ಲು ಬಡಿದು ಕೂರಿಸಿ, ಸಂದಿಗೆ ಜಲ್ಲಿ ತುಂಬಬೇಕು. ಪೂರಾ ರಸ್ತೆಗೆ ಬೇಡ, ಎರಡು ಗಾಲಿ ಪಟ್ಟಿಗೆ ಮಾತ್ರ, ಅದೂ ಕಡಿದಾದ ಕಡೆ ಮಾತ್ರ.

ಕೊರಕಲು ಆಗೋದು ಗಾಡಿಯಿಂದಲ್ಲ, ನೀರಿನಿಂದ. ಗಾಲಿ ಹಾದಿಯೇ ನೀರಿನ ಕಾಲುವೆ ಆಗ್ತದೆ. ಹತ್ತು ಹದಿನೈದು ಮೀಟರಿಗೆ ಒಂದರಂತೆ ರಸ್ತೆಗೆ ಓರೆಯಾಗಿ ಅಡ್ಡ ಕಣಿ ತೆಗೆದು ನೀರನ್ನು ಪಕ್ಕಕ್ಕೆ ಬಿಡಬೇಕು. ಕಡಿದು ಜಾಸ್ತಿ ಇದ್ದಲ್ಲಿ ಇನ್ನೂ ಹತ್ತಿರ. ಕಣಿ ಅಗಲವಾಗಿ ತಗ್ಗಾಗಿ ಇರಲಿ, ಗಾಲಿ ಮೆತ್ತಗೆ ಇಳಿದು ಹತ್ತುವ ಹಾಗೆ. ನೀರು ಯಾರ ತೋಟಕ್ಕೆ ಬೀಳ್ತದೆ ಅಂತ ಮೊದಲೇ ನೋಡಿ, ಕೇಳಿ, ಆಮೇಲೆ ತೆಗೀರಿ. ಇಲ್ಲದಿದ್ದರೆ ಗಾಡಿ ಮೇಲೆ ಬರ್ತದೆ, ನೆರೆಹೊರೆಯ ಮಾತು ನಿಲ್ತದೆ. ತೊಟ್ಟಿಯ ಬಾಲ ತಾಗುತ್ತಿದ್ದ ತಿರುವಿನಲ್ಲಿ ಒಳಬದಿಯ ಉಬ್ಬನ್ನು ಒಂದು ಮಾರು ಉದ್ದಕ್ಕೆ ಇಳಿಜಾರು ಮಾಡಿ ಕೆತ್ತಿದೆವು, ಅಷ್ಟೇ.

ಬಯಲುಸೀಮೆಯಲ್ಲಿ ನಾವು ಬದು ಹಾಕಿ ನೀರು ನಿಲ್ಲಿಸೋಕೆ ಒದ್ದಾಡ್ತೀವಿ, ಇವರು ನೀರು ಓಡಿಸೋಕೆ ಒದ್ದಾಡ್ತಾರೆ. ಗುದ್ದಲಿ ಮಾತ್ರ ಒಂದೇ.

ಖರ್ಚಿನ ಲೆಕ್ಕ

ಹಿಂದಿನ ಎರಡು ಕಮಾನು ಕಟ್ಟು ಬಿಚ್ಚಿ, ತುಂಡಾದ ಎರಡು ಪ್ಲೇಟು ಬದಲಾಯಿಸಿ, ತಣ್ಣಗೇ ಬಾಗು ಕೊಟ್ಟು ಜೋಡಿಸಿದ್ದಕ್ಕೆ ಕೂಲಿ ಸೇರಿ 7,200. ಯು-ಬೋಲ್ಟು, ಸೆಂಟರ್ ಬೋಲ್ಟು, ಬುಶ್ಶು 2,900. ಹಿಂದಿನ ಎರಡು ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದವು, ಹೊಸದಕ್ಕೆ 2,400. ಮೊದಲಿನ ಅಳತೆಯದ್ದೇ ಆಳದ ಹಲ್ಲಿನ ಎರಡು ಟೈರು 13,600. ಹಳೇ ಸರಪಳಿ ಅಳತೆಗೆ ಕತ್ತರಿಸಿ ಜೋಡಿಸಿದ್ದು 1,500. ಗಾಳಿ ಪೈಪು 180. ಒಟ್ಟು 27,780. ಉಳಿದ 220 ರೂಪಾಯಿಗೆ ಗುದ್ದಲಿ ಹಿಡಿದವರಿಗೆ ಟೀ, ಬನ್ನು. ಮುರಕಲ್ಲಿನ ಚೂರು ಮನೆ ಕಟ್ಟಿದವರೊಬ್ಬರ ಅಂಗಳದಲ್ಲಿ ಬಿದ್ದಿತ್ತು, ಹಾಗೇ ಸಿಕ್ಕಿತು. ದರ ಊರಿಂದೂರಿಗೆ ಬೇರೆ ಇರಬಹುದು, ನಮಗೆ ಆದದ್ದನ್ನು ಬರೆದಿದ್ದೇನೆ.

ಕೆಲಸ ಮುಗಿದ ದಿನ ಟೇಪು ಹಿಡಿದಾಗ ಎರಡೂ ಕಡೆ ಇಪ್ಪತ್ತು ಇಂಚು ಬಂತು. ಎಡಬದಿ ಎರಡೂಮುಕ್ಕಾಲು ಇಂಚು ಎದ್ದದ್ದು ನೋಡಿ ಹುಡುಗನ ಸ್ನೇಹಿತರು ಎಲ್ಲಿ ಎತ್ತಿಸಿದ್ದು ಅಂತ ಕೇಳಿದರಂತೆ. ಜುಲೈ, ಆಗಸ್ಟಿನ ಮಳೆಯಲ್ಲಿ ಸರಪಳಿ ಹಾಕಿಕೊಂಡು ಅರ್ಧ ಲೋಡಿನಲ್ಲಿ ಗಾಡಿ ಅಂಗಳದವರೆಗೆ ಬಂತು. ಧಾರಾಕಾರ ಸುರಿದ ಮೂರ್ನಾಲ್ಕು ದಿನ ಕೆಳಗೇ ನಿಲ್ಲಿಸಿದರು, ಅದು ಸರಿಯೇ. ಪೂರಾ ಲೋಡು ಮಳೆ ಬಿಟ್ಟ ಮೇಲೆ. ಮಳೆಗಾಲ ಮುಗಿದು ಮತ್ತೆ ಅಳೆದಾಗ ಬಲ ಇಪ್ಪತ್ತು, ಎಡ ಹತ್ತೊಂಬತ್ತೂಮುಕ್ಕಾಲು. ಹೊಸದಾಗಿ ಬಾಗು ಕೊಟ್ಟ ಪ್ಲೇಟು ಕಾಲಿಂಚು ಕೂರೋದು ಸಹಜ. ಅರ್ಧ ಇಂಚು ದಾಟಿದರೆ ಕಟ್ಟು ಬಿಚ್ಚಿಸಿ ನೋಡಬೇಕು. ಅಡ್ಡ ಕಣಿಗಳಲ್ಲಿ ಮೂರು ತುಂಬಿಕೊಂಡಿದ್ದವು, ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಅವನ್ನು ಮತ್ತೆ ತೆಗೆಯಬೇಕು.